ಙ ಅಕ್ಷರಕ್ಕೆ ಕೊನೆಗೂ ಕೆಲಸ ಸಿಕ್ಕಿತು

ಒಂದನೇ ಕ್ಲಾಸಿನ ಗೋಡೆಯ ಮೇಲಿದ್ದ ಚಾರ್ಟ್ ನೆನಪಿದೆಯಾ? ಕ ಅಂದರೆ ಕಮಲ, ಖ ಅಂದರೆ ಖಡ್ಗ. ಙ ಹತ್ತಿರ ಬಂದರೆ ಚಿತ್ರವೇ ಇಲ್ಲ. ದೊಡ್ಡವರಾದ ಮೇಲೆ 'ವಾಙ್ಮಯ' ಅಂತ ಒಂದು ಪದ ಸಿಕ್ಕಿತು, ಅಷ್ಟೇ. ಪಾಪ, ಆ ಅಕ್ಷರಕ್ಕೆ ಕೆಲಸ ಸಿಕ್ಕಿದ್ದನ್ನು ನಾನು ನೋಡಿದ್ದು ಆಕ್ಲೆಂಡಿನಲ್ಲಿ, ನಮ್ಮ ಅಡುಗೆಮನೆಯಲ್ಲಿ.

ಮಗಳು ಶಾಲೆಯಲ್ಲಿ ನ್ಯೂಜಿಲೆಂಡ್ ರಾಷ್ಟ್ರಗೀತೆ ಕಲಿತು ಬಂದಿದ್ದಳು. ಇಲ್ಲಿ ಮೊದಲು ಈ ನೆಲದ ಮೂಲನಿವಾಸಿಗಳ ಭಾಷೆಯಾದ ಮಾವೋರಿಯಲ್ಲಿ ಹಾಡುತ್ತಾರೆ, ಆಮೇಲೆ ಇಂಗ್ಲಿಷಿನಲ್ಲಿ. ಅಪ್ಪನೂ ಕಲೀಬೇಕು ಅಂತ ಅವಳ ಹಟ. ಎರಡನೇ ಸಾಲು 'ಓ ಙಾ ಇವಿ' ಅಂತ ಶುರು. ನಾನು 'ನಾ' ಅಂದೆ, 'ಗಾ' ಅಂದೆ, 'ಅಂಗಾ' ಅಂದೆ. ಅವಳು ತಲೆ ಚಚ್ಚಿಕೊಂಡಳು. ಸರಿ, ಕನ್ನಡದಲ್ಲಿ ಬರೆದುಕೊಳ್ಳೋಣ ಅಂತ ಪೆನ್ನು ಹಿಡಿದರೆ ಕೈ ತಾನಾಗೇ 'ಙಾ' ಬರೆಯಿತು. ಓದಿದೆ. 'ಈಗ ಸರಿ' ಅಂದಳು. ನೋಡಿದರೆ ಮಾವೋರಿಯಲ್ಲೂ ನಮ್ಮ ಹಾಗೇ ಹ್ರಸ್ವ, ದೀರ್ಘ ಇವೆ. ಪದಗಳೆಲ್ಲ ಸ್ವರದಲ್ಲೇ ಮುಗಿಯುತ್ತವೆ. ಇಂಗ್ಲಿಷಿನವರಿಗಿಂತ ನಮಗೇ ಸಲೀಸು!

ಹೀಗೆ ಎರಡು ಭಾಷೆಯಲ್ಲಿ ಹಾಡುವುದು ಮೊದಲಿನಿಂದಲೂ ಇತ್ತು ಅಂದುಕೊಂಡಿದ್ದೆ. ಅಲ್ಲ. ಮಾವೋರಿ ಸಾಲುಗಳು 1878ರಲ್ಲೇ ತಯಾರಾಗಿದ್ದವು. ಆದರೆ ದೊಡ್ಡ ಪಂದ್ಯಗಳಲ್ಲಿ ಕೇಳಿಸುತ್ತಿದ್ದದ್ದು ಇಂಗ್ಲಿಷ್. 1999ರ ರಗ್ಬಿ ವಿಶ್ವಕಪ್. ಲಂಡನ್ನಿನ ಟ್ವಿಕನ್‌ಹ್ಯಾಮ್ ಮೈದಾನ, ಇಂಗ್ಲೆಂಡ್ ಎದುರಾಳಿ. ಹಿನೆವೆಹಿ ಮೊಹಿ ಎಂಬ ಗಾಯಕಿ ಬಂದು ಬರೀ ಮಾವೋರಿಯಲ್ಲಿ ಹಾಡಿಬಿಟ್ಟರು. ಇಲ್ಲಿ ಊರೆಲ್ಲ ರಂಪ. ನಮ್ಮ ನ್ಯೂಜಿಲೆಂಡ್ ರಗ್ಬಿ ತಂಡ 'ಆಲ್ ಬ್ಲ್ಯಾಕ್ಸ್' 30-16ರಿಂದ ಗೆದ್ದರೂ ಸಿಟ್ಟು ಇಳಿಯಲಿಲ್ಲ. ತಮಾಷೆ ಅಂದರೆ, ಮಾವೋರಿ 1987ರಲ್ಲೇ ಅಧಿಕೃತ ಭಾಷೆ ಆಗಿತ್ತು. ಕಾಗದದಲ್ಲಿ ಇದ್ದರೆ ಯಾರಿಗೂ ತಕರಾರಿಲ್ಲ, ಮೈಕಿನಲ್ಲಿ ಬಂದರೆ ಮಾತ್ರ ಉರಿ.

ಆಮೇಲೆ ಎರಡರಲ್ಲೂ ಹಾಡುವುದೇ ರೂಢಿಯಾಯಿತು. ಮೊಹಿಗೆ 'ಡೇಮ್' ಬಿರುದೂ ಸಿಕ್ಕಿತು, ಅಂದರೆ ಗಂಡಸರಿಗೆ 'ಸರ್' ಇದ್ದ ಹಾಗೆ.

'ಬಾರದ ಭಾಷೆಯಲ್ಲಿ ನಮ್ಮ ಹಾಡು ಯಾಕೆ?' ಅನ್ನುವವರಿಗೆ ನಾನು ಹೇಳುವುದು ಇಷ್ಟು: ನಮ್ಮ 'ಜನಗಣಮನ' ಇರುವುದು ಬಂಗಾಳಿಯಲ್ಲಿ. ಶಾಲೆಯಲ್ಲಿ ನನಗೆ ಅರ್ಧದಷ್ಟೂ ಅರ್ಥವಾಗುತ್ತಿರಲಿಲ್ಲ. ಬಂಗಾಳಿ ಗೆಳೆಯನೊಬ್ಬ 'ಜೊನೊ ಗೊನೊ ಮೊನೊ' ಅಂದಾಗ ನಕ್ಕುಬಿಟ್ಟಿದ್ದೆ. ಹಾಡು ಅವನ ಭಾಷೆಯದ್ದು, ನಗು ನನ್ನದು! ಆದರೂ ಕೊನೆಯ 'ಜಯ ಹೇ' ಬಂದಾಗ ಇಲ್ಲಿ, ಪರದೇಶದಲ್ಲಿ, ಗಂಟಲು ಕಟ್ಟುತ್ತದೆ. ಬಾಯಿಗೆ ಮೊದಲು ರೂಢಿಯಾಗಬೇಕು. ಉಳಿದದ್ದು ಆಮೇಲೆ.

ಹಾಗಂತ ಒಂದು ಚರಣ ಹಾಡಿದರೆ ಭಾಷೆ ಉಳಿದುಬಿಡುತ್ತಾ? ಇಲ್ಲ ಬಿಡಿ. ಒಂದು ಕಾಲಕ್ಕೆ ಇಲ್ಲಿ ಮಾವೋರಿ ಆಡಿದ ಮಕ್ಕಳಿಗೆ ಶಾಲೆಯಲ್ಲಿ ಏಟು ಬೀಳುತ್ತಿತ್ತು. ನಾನು ಓದಿದ ಕಾನ್ವೆಂಟಿನಲ್ಲಿ ಕನ್ನಡ ಆಡಿದರೆ ದಂಡ. ನವೆಂಬರ್ 1ಕ್ಕೆ ಮಾತ್ರ ಅದೇ ಮೇಡಂ ನಮ್ಮನ್ನು ಸಾಲಾಗಿ ನಿಲ್ಲಿಸಿ ನಾಡಗೀತೆ ಹಾಡಿಸುತ್ತಿದ್ದರು. ಮಾರನೇ ದಿನ ಮತ್ತೆ ದಂಡದ ಡಬ್ಬಿ. ಸುಮ್ನೆ ಹಾಡಿಸುವುದು ಎಷ್ಟು ಸುಲಭ ಅಂತ ನಮಗೆ ಚೆನ್ನಾಗಿ ಗೊತ್ತು, ಅಲ್ವಾ?

ಮೊನ್ನೆ ಇಲ್ಲಿನ ಈಡನ್ ಪಾರ್ಕ್ ಮೈದಾನದಲ್ಲಿ ಪಕ್ಕದ ಸೀಟಿನಲ್ಲಿ ಒಬ್ಬ ಬಿಳಿಯ ಅಜ್ಜ. ಮಾವೋರಿ ಚರಣ ಹಾಡುವಾಗ ಅವರ ತುಟಿ ಮಾತ್ರ ಅಲ್ಲಾಡುತ್ತಿತ್ತು. ನಾನು ಮಗಳ ಜೊತೆ ಜೋರಾಗಿ ಹಾಡಿದೆ, ಙಾ ಸಮೇತ. ಇಂಗ್ಲಿಷ್ ಶುರುವಾಯಿತು ನೋಡಿ, ನನಗೆ ಎರಡನೇ ಸಾಲೇ ಮರೆತುಹೋಯಿತು. ಅಜ್ಜ ದನಿ ಏರಿಸಿದರು. ಈಗ ತುಟಿ ಅಲ್ಲಾಡಿಸುವ ಸರದಿ ನನ್ನದು.