ಮೊದಲು ಡಿಸಿಬಿ ಓದಿ ಸ್ವಾಮಿ

ಸಂತೆ ಸುಂಕ 10 ರೂಪಾಯಿ ಇರೋದನ್ನು 20 ಮಾಡಬೇಕೋ ಬೇಡವೋ ಅಂತ ನಮ್ಮ ಪುರಸಭೆ ಸಾಮಾನ್ಯ ಸಭೆಯಲ್ಲಿ ಇವತ್ತು ಊಟದ ಹೊತ್ತಿನವರೆಗೂ ಜಗಳ. ಒಬ್ಬರು ಮೈಕ್ ಕಿತ್ತುಕೊಂಡರು. ಒಬ್ಬರು ಅಧ್ಯಕ್ಷರ ಪೀಠದ ಮುಂದೆ ನೆಲದ ಮೇಲೆ ಕೂತೇಬಿಟ್ಟರು. ಇನ್ನೊಬ್ಬರು "ಬಡವರ ಹೊಟ್ಟೆ ಮೇಲೆ ಹೊಡೀಬೇಡಿ" ಅಂತ ಕಣ್ಣಲ್ಲಿ ನೀರು ತಂದುಕೊಂಡರು. (ಹೋದ ವರ್ಷ ಸುಂಕ ವಸೂಲಿ ಹರಾಜು ಹಿಡಿದಿದ್ದು ಇವರ ಬಾಮೈದನೇ. ಇರಲಿ ಬಿಡಿ.)

ಪೇಪರ್‌ನವರ ಹಿಂದಿನ ಸಾಲಿನಲ್ಲಿ ಕೂತು ನಾನು ಒಂದೇ ಒಂದು ಮಾತಿಗೆ ಕಾಯುತ್ತಿದ್ದೆ. 23 ಜನ ಸದಸ್ಯರಲ್ಲಿ ಯಾರಾದರೂ ಒಬ್ಬರು ಎದ್ದು "ಸ್ವಾಮಿ, ಮೊದಲು ಡಿಸಿಬಿ ಓದಿ" ಅಂತಾರಾ ಅಂತ. ಒಬ್ಬರೂ ಅನ್ನಲಿಲ್ಲ.

ಕಚೇರಿ ಸಹವಾಸ ಇಲ್ಲದವರಿಗೆ ಹೇಳ್ತೀನಿ. ಡಿಸಿಬಿ ಅಂದರೆ ಡಿಮ್ಯಾಂಡ್, ಕಲೆಕ್ಷನ್, ಬ್ಯಾಲೆನ್ಸ್. ಈ ವರ್ಷ ಎಷ್ಟು ಬರಬೇಕಿತ್ತು, ಎಷ್ಟು ಬಂತು, ಎಷ್ಟು ಬಾಕಿ. ಮನೆ ಕಂದಾಯಕ್ಕೊಂದು, ನೀರಿಗೊಂದು, ಮಳಿಗೆ ಬಾಡಿಗೆಗೊಂದು, ಉದ್ದಿಮೆ ಪರವಾನಗಿಗೊಂದು. ಬಿಲ್ ಕಲೆಕ್ಟರ್‌ನಿಂದ ಹಿಡಿದು ಮುಖ್ಯಾಧಿಕಾರಿವರೆಗೆ ಎಲ್ಲರಿಗೂ ಇದು ಬಾಯಿಪಾಠ. ಮೇಲಿನವರ ಮೀಟಿಂಗ್ ಅಂದರೆ ಮೊದಲು ಕೇಳೋದೇ ಇದನ್ನು. ನಾವು ಓಟು ಹಾಕಿ ಕಳಿಸಿದವರು ಮಾತ್ರ ಕೇಳೋದಿಲ್ಲ.

ನಾನು ರೈತರಿಗೆ ಸಾಲ ಕೊಡೋ ಸಹಕಾರಿ ಸೊಸೈಟಿಯಲ್ಲಿ ಕೆಲಸ ಮಾಡಿ ರಿಟೈರ್ ಆದವಳು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ನಿಮ್ಮಲ್ಲಿ ಕೆಲವರಿಗೆ ನನ್ನ ಕೈಯಾರೆ ನೋಟಿಸ್ ಕೂಡ ತಲುಪಿದೆ. ನಮ್ಮಲ್ಲಿ ಬಡ್ಡಿ ದರದ ಮಾತು ಎತ್ತಬೇಕು ಅಂದರೆ ಮೊದಲು ಸುಸ್ತಿದಾರರ, ಅಂದರೆ ಸಾಲ ಕಟ್ಟದೆ ಉಳಿಸಿಕೊಂಡವರ ಪಟ್ಟಿ ಮೇಜಿನ ಮೇಲೆ ಬರಬೇಕಿತ್ತು. ಪಟ್ಟಿ ಇಲ್ಲದೆ ದರ ಏರಿಸೋಣ ಅಂದ ಡೈರೆಕ್ಟರಿಗೆ ಸಾಮಾನ್ಯ ಸಭೆಯಲ್ಲಿ ರೈತರೇ ಬೆವರಿಳಿಸುತ್ತಿದ್ದರು. "ಕಟ್ಟಿದವನ ಮೇಲೆ ಇನ್ನೊಂದು ಹೊರೆ ಹಾಕೋ ಮುಂಚೆ ಕಟ್ಟದವನ ಹೆಸರು ಹೇಳ್ರೀ" ಅಂತ ಹಿಂದಿನ ಬೆಂಚಿನಿಂದ ಕೂಗು ಬರುತ್ತಿತ್ತು. ಆ ಕೂಗು ಕೇಳಿ ಕೇಳಿ ನನ್ನ ಕಿವಿ ಕೆಟ್ಟಿದೆ. ಅದಿಲ್ಲದ ಸಭೆ ನನಗೆ ಸಭೆ ಅನ್ನಿಸೋದೇ ಇಲ್ಲ.

ಇವತ್ತಿನ ಅಜೆಂಡಾದಲ್ಲಿ ಇದ್ದದ್ದು ಇಷ್ಟು. ನೀರಿನ ದರ ಪರಿಷ್ಕರಣೆ. ಕಸ ಸಂಗ್ರಹಣೆ ಶುಲ್ಕ. ಅಂಗಡಿ ಲೈಸೆನ್ಸ್ ಫೀಸು. ರಸ್ತೆ ಮೇಲೆ ಮರಳು, ಜಲ್ಲಿ, ಕಟ್ಟಡದ ಅವಶೇಷ ಸುರಿದರೆ ದಂಡ ಹಾಕುವ ಉಪವಿಧಿ. ಸಂತೆ ಸುಂಕ. ಕೊನೆಗೆ, ಎಲ್ಲಕ್ಕಿಂತ ಕೊನೆಗೆ, ಪುರಸಭೆ ಮಳಿಗೆಗಳ ಬಾಡಿಗೆ. ಇದರ ಜೊತೆ ಮಾಮೂಲಿನಂತೆ ಹೋದ ತಿಂಗಳ ಖರ್ಚಿಗೆ ಘಟನೋತ್ತರ ಮಂಜೂರಾತಿ. ದುಡ್ಡು ಖರ್ಚಾಗಿಹೋಗಿದೆ, ಈಗ ಹೂಂ ಅನ್ನಿ ಅಂತ. ಹೂಂ ಅಂದರು. ಒಂದು ಪುಟಾನೂ ತಿರುಗಿಸಲಿಲ್ಲ.

ಉಪವಿಧಿ ಪಾಸ್. ಲೈಸೆನ್ಸ್ ಫೀಸು ಮುಂದಿನ ಸಭೆಗೆ. ಕಸದ ಶುಲ್ಕ, ಒಂದಿಬ್ಬರು ಗೊಣಗಿ, ಪಾಸ್. ಸುಂಕ ಬಂದಾಗ ಮಾತ್ರ ಎಲ್ಲರ ಮೈಮೇಲೆ ದೇವರು ಬಂತು. ಯಾಕೆ ಅಂತ ಗೊತ್ತಲ್ವಾ? ಕ್ಯಾಮೆರಾ ಆನ್ ಆಗಿತ್ತು.

ಸುಂಕದ ಕಥೆ ನಾನು ಹತ್ತಿರದಿಂದ ನೋಡಿದ್ದೇನೆ. ನಾನು ಸೊಪ್ಪು ಕೊಳ್ಳೋ ಅಜ್ಜಿ ಬಸ್‌ಸ್ಟ್ಯಾಂಡ್ ಪಕ್ಕದ ಗೋಡೆಗೆ ಒರಗಿ ಕೂರುತ್ತಾಳೆ. ಗೋಣಿಚೀಲ ಹಾಸಿ, ಮೇಲೊಂದು ಒದ್ದೆ ಬಟ್ಟೆ, ಅದರ ಮೇಲೆ ದಂಟು, ಸಬ್ಬಸಿಗೆ, ಮೆಂತ್ಯ. ಅವಳ ಎಲೆಅಡಿಕೆ ಚೀಲದಲ್ಲಿ ಸುಂಕದ ಚೀಟಿಗಳ ಒಂದು ಕಟ್ಟೇ ಇದೆ. ಹೋದ ವಾರ ಬಿಚ್ಚಿ ತೋರಿಸಿದಳು. ತೆಳು ಗುಲಾಬಿ ಕಾಗದ. ಸೀಲು ಇಲ್ಲ. ಮೊತ್ತ ಇರಬೇಕಾದ ಜಾಗ ಖಾಲಿ. ಕೆಲವದರಲ್ಲಿ ಪೆನ್ನಲ್ಲಿ ಒಂದು ಗೀಟು. "ಎಷ್ಟು ಕೊಡ್ತೀಯಜ್ಜಿ?" ಅಂದೆ. "ಹುಡುಗ ಯಾರು ಬರ್ತಾನೆ ನೋಡ್ಕೊಂಡು ಕೊಡ್ತೀನಿ ಕಣವ್ವ. ಒಬ್ಬ ಇಪ್ಪತ್ತು ಕೇಳ್ತಾನೆ, ಇನ್ನೊಬ್ಬ ಇಪ್ಪತ್ತೂ ತಗೊಂಡು ಒಂದು ಕಟ್ಟು ಸೊಪ್ಪೂ ತಗೋತಾನೆ" ಅಂದಳು.

ಅಂದರೆ ಸಭೆಯಲ್ಲಿ 10 ಇರಲಿ, 20 ಆಗಬಾರದು ಅಂತ ನೆಲದ ಮೇಲೆ ಕೂತರಲ್ಲ, ಅಜ್ಜಿ ಆ 20 ಕೊಡೋಕೆ ಶುರು ಮಾಡಿ ಯಾವ ಕಾಲ ಆಯ್ತು. ಪುರಸಭೆಗೆ ಸೇರೋದು ಸುಂಕ ಎತ್ತೋ ಹಕ್ಕನ್ನು ಹಿಡಿದವರು ಕಟ್ಟೋ ಹರಾಜಿನ ಮೊತ್ತ ಅಷ್ಟೇ. ಬೀದಿಯಲ್ಲಿ ಎಷ್ಟು ಎತ್ತಿದರು ಅನ್ನೋ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಇನ್ನೊಂದು ಮಾತು. ಬೀದಿ ವ್ಯಾಪಾರಿಗಳ ಕಾಯ್ದೆ ಬಂದಿದ್ದು 2014ರಲ್ಲಿ. ಊರಿಗೊಂದು ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕಡಿಮೆ ಅಂದರೂ ಶೇ. 40ರಷ್ಟು ಜನ ಬೀದಿ ವ್ಯಾಪಾರಿಗಳೇ ಆರಿಸಿ ಕಳಿಸಿದವರಾಗಿರಬೇಕು. ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಬಡವರ ಹೊಟ್ಟೆ ಬಗ್ಗೆ ಅಷ್ಟು ಹೊತ್ತು ಮಾತಾಡಿದವರು ಆ ಸಮಿತಿಯ ಹೆಸರನ್ನೇ ಎತ್ತಲಿಲ್ಲ. ಎತ್ತಿದರೆ ಅಜ್ಜಿಯಂಥವರನ್ನು ಒಳಗೆ ಕರೆದು ಕುರ್ಚಿ ಕೊಡಬೇಕಾಗುತ್ತೆ. ಕಣ್ಣೀರು ಹಾಕೋದು ಸುಲಭ, ಕುರ್ಚಿ ಕೊಡೋದು ಕಷ್ಟ.

ಈಗ ಮಳಿಗೆ ವಿಷಯಕ್ಕೆ ಬರ್ತೀನಿ. ನನಗೆ ತಲೆ ಕೆಟ್ಟಿದ್ದು ಇಲ್ಲಿ.

ಊಟ ಬಂದಿತ್ತು. ಹೊರಗಿನಿಂದ ಚಿತ್ರಾನ್ನದ ಒಗ್ಗರಣೆ ವಾಸನೆ ಬರುತ್ತಿತ್ತು. ಗುಮಾಸ್ತರು ಮಳಿಗೆ ವಿಷಯವನ್ನು ಓದಿದ್ದು ಮದುವೆ ಮನೆ ಪುರೋಹಿತರು ಮುಹೂರ್ತ ಮೀರಿದಾಗ ಮಂತ್ರ ಓದಿದ ಹಾಗಿತ್ತು. ಬಾಡಿಗೆ ಕರಾರಿನ ಅವಧಿ ಮುಗಿದ ಮಳಿಗೆಗಳು ಇವೆ, ಬಾಡಿಗೆ ಬಾಕಿ ಇದೆ, ಕ್ರಮ ಕೈಗೊಳ್ಳುವ ಬಗ್ಗೆ ಸಭೆಯ ತೀರ್ಮಾನಕ್ಕೆ. ಎಷ್ಟು ಮಳಿಗೆ? ಓದಲಿಲ್ಲ. ಎಷ್ಟು ಬಾಕಿ? ಓದಲಿಲ್ಲ. ಯಾರ ಹೆಸರಿನಲ್ಲಿವೆ, ಒಳಗೆ ಯಾರು ವ್ಯಾಪಾರ ಮಾಡ್ತಿದ್ದಾರೆ? ಅಯ್ಯೋ ದೇವರೇ, ಅದನ್ನು ಓದೋದುಂಟಾ.

ಒಬ್ಬ ಮಹಿಳಾ ಸದಸ್ಯರು ಮಾತ್ರ "ಬಾಕಿ ಪಟ್ಟಿ ಕೊಡಿ" ಅಂತ ಮೆಲ್ಲಗೆ ಅಂದರು. ನಾನು ನೆಟ್ಟಗೆ ಕೂತೆ. ಅಷ್ಟರಲ್ಲಿ ಒಬ್ಬ ಹಿರಿಯ ಸದಸ್ಯರು ನಗುತ್ತಾ, "ಬೇಡಮ್ಮ, ಹೆಸರು ಓದಿದರೆ ಮರ್ಯಾದಸ್ಥರ ಮರ್ಯಾದೆ ಪ್ರಶ್ನೆ" ಅಂದರು. ಬಾಗಿಲ ಹತ್ತಿರ ನಿಂತಿದ್ದ ಆ ತಾಯಿಯ ಯಜಮಾನರು ಕೈಸನ್ನೆ ಮಾಡಿದರು. ಆ ತಾಯಿ ಕೂತರು. "ಪರಿಶೀಲಿಸಿ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಅಂತ ಠರಾವು ಆಯ್ತು. ಎಲ್ಲರೂ ಚಿತ್ರಾನ್ನಕ್ಕೆ ಎದ್ದರು.

ಮರ್ಯಾದೆ ಪ್ರಶ್ನೆ! ಕೆಲವು ಊರುಗಳಲ್ಲಿ ಬಾಕಿದಾರರ ಮನೆ ಮುಂದೆ ತಮಟೆ ಬಾರಿಸಿದ ಸುದ್ದಿ ನೀವೂ ಓದಿದ್ದೀರಿ. ತಮಟೆ ಬಾರಿಸಬೇಕು ಅಂತ ನಾನು ಹೇಳಲ್ಲ, ಅದು ಅಸಹ್ಯ. ಆದರೆ ಕಾಗದದಲ್ಲಿ ಇರೋ ಅಂಕಿಯನ್ನು ಆ ಕಾಗದಕ್ಕೆ ಒಡೆಯರಾದ ಸಭೆಯ ಮುಂದೆ ಓದೋಕೂ ನಾಚಿಕೆನಾ? ನನ್ನ ಮನೆ ನಲ್ಲಿ ಬಾಕಿ ಇದ್ದಿದ್ದರೆ ನೀರುಗಂಟಿ ಬೀದಿಯಲ್ಲಿ ನಿಂತು ಊರಿಗೆಲ್ಲ ಕೇಳೋ ಹಾಗೆ "ಅಕ್ಕಾ, ಕಟ್ ಮಾಡಕ್ಕೆ ಹೇಳವ್ರೆ" ಅಂತಿದ್ದ. ನನಗೆ ಮರ್ಯಾದೆ ಇಲ್ವಾ?

ಇಷ್ಟು ಹೇಳಿದ ಮೇಲೆ ಕಾಮೆಂಟಿನಲ್ಲಿ ಯಾರು ಬರ್ತಾರೆ ಅಂತ ನನಗೆ ಗೊತ್ತು. "ಮೇಡಂ, ದರ ಏರಿಸದೆ ಪುರಸಭೆ ನಡೆಸೋದು ಹೇಗೆ? ಪೌರಕಾರ್ಮಿಕರಿಗೆ ಸಂಬಳ ಬೇಡ್ವಾ? ಪಂಪಿನ ಕರೆಂಟ್ ಬಿಲ್ ಯಾರು ಕಟ್ತಾರೆ?" ಸರಿ. ಒಪ್ಪಿದೆ. ಬೆಳಿಗ್ಗೆ ಕತ್ತಲಲ್ಲೇ ಬೀದಿ ಗುಡಿಸೋರ ಸಂಬಳ ಒಂದು ದಿನವೂ ತಡ ಆಗಬಾರದು. ದರ ಏರಿಸೋದು ಪೂರ್ತಿ ಇವರ ಕೈಯಲ್ಲಿ ಇಲ್ಲ ಅನ್ನೋದೂ ನಿಜ. ಹದಿನೈದನೇ ಹಣಕಾಸು ಆಯೋಗ, ರಾಜ್ಯಗಳು ಆಸ್ತಿ ತೆರಿಗೆಗೆ ಕನಿಷ್ಠ ದರ ನಿಗದಿ ಮಾಡಲಿ, ವಸೂಲಿ ವರ್ಷ ವರ್ಷ ಏರಲಿ, ಆಗಲೇ ಅನುದಾನ ಅಂತ ಷರತ್ತು ಹಾಕಿತ್ತು. ಮೇಲಿನಿಂದ ಒತ್ತಡ ಇದೆ.

ಪಾಪ, ಸದಸ್ಯರದ್ದೂ ಒಂದು ಗೋಳಿದೆ. 2018ರಲ್ಲಿ ಗೆದ್ದವರಲ್ಲಿ ಎಷ್ಟೋ ಜನ ಅಧ್ಯಕ್ಷ ಸ್ಥಾನದ ಮೀಸಲಾತಿ ಜಗಳ ಕೋರ್ಟಿನಲ್ಲಿ ಇದ್ದಿದ್ದಕ್ಕೆ 2020ರವರೆಗೆ ಅಧಿಕಾರವೇ ಇಲ್ಲದೆ ಕೂತಿದ್ದರು. ಆ ಹೊತ್ತಿನಲ್ಲಿ ಎಲ್ಲ ತೀರ್ಮಾನ ಆಡಳಿತಾಧಿಕಾರಿಯದ್ದು.

ಆದರೆ ಇದರಲ್ಲಿ ಯಾವುದು ಸ್ವಾಮಿ ಡಿಸಿಬಿ ಓದೋದಕ್ಕೆ ಅಡ್ಡ ಬಂತು? ಅನುದಾನದ ಷರತ್ತು ಬಾಕಿ ಮುಚ್ಚಿಡಿ ಅಂತ ಹೇಳುತ್ತಾ? ಮೀಸಲಾತಿ ಕೇಸು ಮಳಿಗೆ ಬಾಡಿಗೆ ಕೇಳಬೇಡಿ ಅಂತ ಹೇಳುತ್ತಾ? ದರ ಏರಿಸಿ, ಬೇಡ ಅನ್ನಲ್ಲ. ಬಾಕಿ ಎಷ್ಟು ಅಂತ ಹೇಳಿ ಏರಿಸಿ. ಕಟ್ಟದವನಿಗೆ ದರ 10 ಆದರೇನು 100 ಆದರೇನು? ಏರಿಕೆ ಬೀಳೋದೆಲ್ಲ ಕಟ್ಟುವವನ ತಲೆ ಮೇಲೇ.

ಕಟ್ಟುವವರು ಅಂದರೆ ನಾವು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಅಂತ ಚಲನ್ ಹಿಡಿದು ಸಾಲಿನಲ್ಲಿ ನಿಲ್ಲೋರು. ಒಂದು ವಿಷಯ ಹೇಳಲಾ? ಆ ಸಾಲಿನಲ್ಲಿ ಮೊದಲು ನಿಲ್ಲೋದರಲ್ಲಿ ನನಗೊಂದು ಹುಚ್ಚು ಖುಷಿ ಇದೆ. ರಿಯಾಯಿತಿ ಉಳಿತಾಯ ಆಟೋ ಚಾರ್ಜಿಗೆ ಸರಿ ಹೋಗುತ್ತೆ. ಆದರೂ ಆ ರಸೀದಿ ಮಡಚಿ ಪರ್ಸಿನಲ್ಲಿಟ್ಟುಕೊಂಡು ಬರುವಾಗ ಊರೇ ನನ್ನದು ಅನ್ನಿಸುತ್ತೆ. ನಗಬೇಡಿ.

ಆ ರಸೀದಿಯನ್ನು ಒಂದು ಸಲ ಬಿಡಿಸಿ ನೋಡಿ. ತೆರಿಗೆ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3. ನೂರು ರೂಪಾಯಿ ತೆರಿಗೆಗೆ 24 ರೂಪಾಯಿ ಕರ. ನಮ್ಮ ಊರಿನ ಲೈಬ್ರರಿಯಲ್ಲಿ ಫ್ಯಾನ್ ತಿರುಗಲ್ಲ, ಪೇಪರ್ ಮಧ್ಯಾಹ್ನದ ಮೇಲೆ ಬರುತ್ತೆ, ಅದು ಬೇರೆ ಮಾತು. ನಮ್ಮಿಂದ ಗ್ರಂಥಾಲಯಕ್ಕೆ ಅಂತ ತಗೊಂಡಿದ್ದು ಗ್ರಂಥಾಲಯ ಇಲಾಖೆಗೆ ಹೋಯ್ತಾ ಇಲ್ವಾ ಅನ್ನೋದನ್ನೂ ಡಿಸಿಬಿ ಜೊತೆಗೇ ಓದಬಹುದಿತ್ತು. ಗಡುವು ದಾಟಿದರೆ ತಿಂಗಳಿಗೆ ಶೇ. 2 ದಂಡ ಅಂತಲೂ ಇದೆ. ಆದರೆ ದೊಡ್ಡ ಕುಳಗಳು ಆರಾಮಾಗಿ ಕಾಯ್ತಾರೆ. ಯಾವತ್ತಾದರೂ ಒಂದು ದಿನ ದಂಡ ಮನ್ನಾ ಅಂತ ಬರುತ್ತೆ ಅಂತ ಅವರಿಗೆ ಗೊತ್ತು.

ಬಾಕಿ ಇಟ್ಟವರು ಗಡಿಬಿಡಿಯಿಂದ ಕೌಂಟರಿಗೆ ಓಡಿ ಬರೋ ಕಾಲ ಒಂದಿದೆ. ಚುನಾವಣೆಗೆ ನಾಮಪತ್ರ ಹಾಕೋ ವಾರ. ಬಾಕಿ ಏನೂ ಇಲ್ಲ ಅನ್ನೋ ಬೇಬಾಕಿ ಪತ್ರ ಬೇಕಲ್ಲ. ಎಷ್ಟೋ ವರ್ಷದ ಕಂದಾಯ, ನೀರಿನ ಬಿಲ್ಲು, ಹೆಂಡತಿ ಹೆಸರಿನ ಸೈಟಿನದ್ದು, ಎಲ್ಲಾ ಒಂದೇ ದಿನ ಚುಕ್ತಾ. ನನ್ನ ಕೇಳಿದರೆ ವರ್ಷಕ್ಕೊಂದು ಸಲ ಚುನಾವಣೆ ಮಾಡಬೇಕು. ವಸೂಲಿ ನೂರಕ್ಕೆ ನೂರು.

ಚುನಾವಣೆ ಅಂದಾಗ ಇದನ್ನೂ ಹೇಳಿಬಿಡ್ತೀನಿ, ಹೆಚ್ಚು ಜನಕ್ಕೆ ಗೊತ್ತಿಲ್ಲ. ನಮ್ಮ ವಾರ್ಡ್ ಮಹಿಳೆಗೆ ಮೀಸಲಾದಾಗ ಎರಡು ಪಾರ್ಟಿಯವರು ನಮ್ಮ ಮನೆಗೆ ಬಂದಿದ್ದರು. ಕಾಫಿ ಕುಡಿದು, "ನೀವು ನಿಂತರೆ ಸಾಕು ಅಕ್ಕ, ಮಿಕ್ಕಿದ್ದು ನಾವು ನೋಡ್ಕೋತೀವಿ" ಅಂದರು. ಆ "ಮಿಕ್ಕಿದ್ದು" ಏನು ಅಂತ ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಒಲ್ಲೆ ಅಂದೆ. ತತ್ವ ಗಿತ್ವ ಏನಿಲ್ಲ. ಸಾಲ ವಸೂಲಿಗೆ ಅಂತ ಮನೆ ಮನೆ ತಿರುಗಿದವಳು ಅದೇ ಬಾಗಿಲಿಗೆ ಕೈಮುಗಿದು ಓಟು ಕೇಳೋಕೆ ಹೋದರೆ ಒಳಗಿಂದ ನಾಯಿ ಬಿಡ್ತಾರೆ ಅನ್ನೋ ಭಯ. ಇವತ್ತು ಆ ತಾಯಿ "ಬಾಕಿ ಪಟ್ಟಿ ಕೊಡಿ" ಅಂದು ಸುಮ್ಮನೆ ಕೂತಾಗ ನನಗೆ ಹೊಟ್ಟೆ ಉರಿದುಹೋಯ್ತು. ಆ ಕುರ್ಚಿಯಲ್ಲಿ ನಾನಿದ್ದಿದ್ದರೆ ಚಿತ್ರಾನ್ನ ಆರಿ ತಣ್ಣಗಾಗುವವರೆಗೆ ಯಾರನ್ನೂ ಏಳೋಕೆ ಬಿಡುತ್ತಿರಲಿಲ್ಲ.

ಸಭೆ ಮುಗಿದ ಮೇಲೆ ಮುಖ್ಯಾಧಿಕಾರಿಗಳನ್ನು ವರಾಂಡದಲ್ಲಿ ಹಿಡಿದೆ. ಒಳ್ಳೆಯವರು, ಮಾತು ಮೃದು. "ಮೇಡಂ, ಸದಸ್ಯರು ಕೇಳಿದರೆ ಕೊಡ್ತೀವಿ, ಅವರೇ ಕೇಳ್ತಿಲ್ಲ" ಅಂದರು. ಸುಂಕ ಎಷ್ಟಾಯ್ತು ಅಂದೆ. 15 ರೂಪಾಯಿ ಅಂತೆ. ಎರಡೂ ಕಡೆಯವರು ಗೆದ್ದೆವು ಅಂತ ಫೋಟೋ ಹಾಕಿಕೊಂಡಿದ್ದಾರೆ, ಆಗಲೇ ನೋಡಿರ್ತೀರಿ. ಇಬ್ಬರದ್ದಕ್ಕೂ ಲೈಕ್ ಒತ್ತಿದವರೂ ನನ್ನ ಫ್ರೆಂಡ್ ಲಿಸ್ಟಿನಲ್ಲಿ ಇದ್ದೀರಿ. ಹೆಸರು ಹೇಳಲ್ಲ, ಮರ್ಯಾದೆ ಪ್ರಶ್ನೆ.

ಸದಸ್ಯರು ಕೇಳದಿದ್ದರೆ ನಾನು ಕೇಳ್ತೀನಿ. ಮಾಹಿತಿ ಹಕ್ಕಿನ ಅರ್ಜಿ ಬರೆಯೋಕೆ ಕೂತಿದ್ದೇನೆ. 10 ರೂಪಾಯಿಯ ಮೂರು ಪೋಸ್ಟಲ್ ಆರ್ಡರ್ ರೆಡಿ. ವಾರ್ಡ್‌ವಾರು ಡಿಸಿಬಿ, ಮಳಿಗೆ ಬಾಡಿಗೆ ಬಾಕಿ ಪಟ್ಟಿ, ಸುಂಕ ಹರಾಜಿನ ಕರಾರು, ಮೂರಕ್ಕೂ ಬೇರೆ ಬೇರೆ ಅರ್ಜಿ ಹಾಕಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಇಲ್ಲಿವರೆಗೆ ಓದಿದವರಿಗೆ ಅದು ನನಗೆ ಎಷ್ಟು ಕಷ್ಟ ಅಂತ ಅರ್ಥ ಆಗಿರುತ್ತೆ. ಚಿಕ್ಕದಾಗಿ ಬರೆಯೋಕೆ ಬರೋರು ಯಾರಾದರೂ ಇದ್ದರೆ ನಾಳೆ ಸಂಜೆ ಮನೆಗೆ ಬನ್ನಿ. ಕಾಫಿ ನನ್ನದು.