ಕಾರ್ಖಾನೆ ವಾಪಸ್ ಬರಬಹುದು, ಫಿಟ್ಟರ್ ಎಲ್ಲಿಂದ ಬರುತ್ತಾನೆ?

ನಿನ್ನೆ ರಾತ್ರಿ ಒಂದು ಚರ್ಚೆ ನೋಡಿದೆ. ಆಮೇಲೆ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೊರದೇಶಕ್ಕೆ ಹೋದ ಉತ್ಪಾದನೆಯನ್ನು ಸ್ವದೇಶಕ್ಕೆ ತರುವುದು ಹೇಗೆ ಅನ್ನುವುದು ವಿಷಯ. ಸುಂಕ ಎಷ್ಟು ಹಾಕಬೇಕು, ಸಬ್ಸಿಡಿ ಎಷ್ಟು ಕೊಡಬೇಕು, ಜಾಗ ಎಷ್ಟು ಎಕರೆ ಬೇಕು ಅಂತ ಮಾತಾಡಿದ್ದೇ ಮಾತಾಡಿದ್ದು. ಅಚ್ಚು, ಉಪಕರಣ ಮಾಡಿ ತಿದ್ದುವ ಟೂಲ್ ರೂಮ್ ಅನ್ನುವ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಒಬ್ಬರಂತೂ "ಒಳ್ಳೆ ಯಂತ್ರ ತಂದು ನಿಲ್ಲಿಸಿ, ಉಳಿದದ್ದು ತಾನಾಗೇ ಬರುತ್ತದೆ" ಅಂದರು. ಮೈಯೆಲ್ಲ ಉರಿಯಿತು.

ತಾನಾಗೇ ಏನೂ ಬರುವುದಿಲ್ಲ.

ನನ್ನ ಕೆಲಸ ಮೋಲ್ಡ್‌ಗಳದ್ದು, ಅಂದರೆ ಕರಗಿದ ಪ್ಲಾಸ್ಟಿಕ್ಕನ್ನು ಒಳಗೆ ನುಗ್ಗಿಸಿ ಪಾರ್ಟ್ ತೆಗೆಯುವ ಲೋಹದ ಅಚ್ಚುಗಳದ್ದು. ಮೀಸೆ ಮೂಡುವ ಮೊದಲೇ ಮೋಲ್ಡ್‌ಗಳ ಸಹವಾಸಕ್ಕೆ ಬಿದ್ದವನು ನಾನು. ನಮ್ಮ ಲೈನ್ ಹೊರದೇಶಕ್ಕೆ ಹೋದದ್ದನ್ನೂ ನೋಡಿದ್ದೇನೆ, ಅದರಲ್ಲಿ ಸ್ವಲ್ಪ ಭಾಗ ವಾಪಸ್ ಬಂದದ್ದನ್ನೂ ನೋಡಿದ್ದೇನೆ. ಹೋಗುವಾಗ ಸುಲಭವಾಗಿ ಹೋಯಿತು. ಮೋಲ್ಡ್‌ಗಳಿಗೆ ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿ, ಮರದ ಪೆಟ್ಟಿಗೆಯಲ್ಲಿ ಬಿಗಿದು, ಡ್ರಾಯಿಂಗ್ ಸಮೇತ ಕಳಿಸಿದರು. ಕೊನೆಯ ಪೆಟ್ಟಿಗೆಗೆ ಮೊಳೆ ಹೊಡೆಯುವಾಗ ನಾನು ಅತ್ತುಬಿಟ್ಟೆ. ಈವರೆಗೆ ಮನೆಯವರಿಗೂ ಅದನ್ನು ಹೇಳಿಲ್ಲ.

ವಾಪಸ್ ಬರುವಾಗಿನ ಕಥೆ ಬೇರೆ. ಪೆಟ್ಟಿಗೆ ಒಡೆದು ನೋಡಿದರೆ ಅದು ನಾವು ಕಳಿಸಿದ ಮೋಲ್ಡೇ ಅಲ್ಲ ಅನ್ನುವ ಹಾಗಿತ್ತು. ಪ್ಲಾಸ್ಟಿಕ್ ಒಳಗೆ ಹೋಗುವ ಬಾಯಿಯನ್ನು, ಅಂದರೆ ಗೇಟನ್ನು, ಉಜ್ಜಿ ದೊಡ್ಡದು ಮಾಡಿದ್ದರು. ಗಾಳಿ ಹೋಗುವ ವೆಂಟ್ ಬೇರೆ ಕಡೆ ಕೊರೆದಿದ್ದರು. ಒಂದು ಮೂಲೆಯಲ್ಲಿ ವೆಲ್ಡ್ ತುಂಬಿ ಸಪಾಟು ಮಾಡಿದ ಗುರುತು ಇತ್ತು. ಒಂದಕ್ಕೂ ಕಾಗದದಲ್ಲಿ ದಾಖಲೆ ಇಲ್ಲ. ಅಲ್ಲಿನವರ ತಪ್ಪೂ ಅಲ್ಲ ಅದು. ಅವರ ಯಂತ್ರಕ್ಕೆ, ಅವರ ಪ್ಲಾಸ್ಟಿಕ್ಕಿಗೆ ತಕ್ಕ ಹಾಗೆ ಸರಿ ಮಾಡಿಕೊಂಡಿದ್ದರು. ನಾವೂ ಅದನ್ನೇ ಮಾಡುತ್ತಿದ್ದೆವಲ್ವಾ? ನಮ್ಮ ತಿದ್ದುಪಡಿಗಳೂ ಡ್ರಾಯಿಂಗ್‌ನಲ್ಲಿ ಇರಲಿಲ್ಲ, ಮೋಲ್ಡ್ ಕೂಡಿಸಿ ತಿದ್ದುವ ನಮ್ಮ ಫಿಟ್ಟರ್‌ಗಳ ಕೈಯಲ್ಲಿದ್ದವು.

ಮೋಲ್ಡನ್ನು ಯಂತ್ರಕ್ಕೆ ಹತ್ತಿಸಿ ಟ್ರಯಲ್ ತೆಗೆದೆವು. ಪಾರ್ಟಿನ ಒಂದು ಬದಿಯಲ್ಲಿ ಫ್ಲ್ಯಾಶ್ (ಸಂದಿಯಿಂದ ಹೊರಗೆ ಚಾಚಿದ ತೆಳು ಪ್ಲಾಸ್ಟಿಕ್), ಇನ್ನೊಂದು ಬದಿ ಪೂರ್ತಿ ತುಂಬಿಯೇ ಇಲ್ಲ. ಹೊಸ ಹುಡುಗರು ಪ್ರೆಷರ್ ಏರಿಸಿದರು, ಫ್ಲ್ಯಾಶ್ ಜಾಸ್ತಿಯಾಯಿತು. ಇಳಿಸಿದರು, ಪಾರ್ಟ್ ಅರ್ಧಕ್ಕೇ ನಿಂತಿತು. ಸ್ಕ್ರೀನ್ ಮುಂದೆ ಕೂತು ನಂಬರ್ ಬದಲಾಯಿಸುವುದಷ್ಟೇ ಅವರಿಗೆ ಗೊತ್ತಿತ್ತು, ಯಾಕೆಂದರೆ ಅಷ್ಟನ್ನೇ ಅವರಿಗೆ ಕಲಿಸಿದ್ದರು. ಕೊನೆಗೆ ನಿವೃತ್ತರಾಗಿದ್ದ ಹಿರಿಯ ಫಿಟ್ಟರ್ ಒಬ್ಬರನ್ನು ಕರೆಸಿದೆವು. ಅವರು ಸ್ಕ್ರೀನ್ ಕಡೆ ನೋಡಲೂ ಇಲ್ಲ. ಮೋಲ್ಡ್ ಕೆಳಗಿಳಿಸಿ, ಒಂದು ಮುಖಕ್ಕೆ ನೀಲಿ ಬಣ್ಣ ತೆಳ್ಳಗೆ ಸವರಿ, ಎರಡೂ ಭಾಗ ಮುಚ್ಚಿ ತೆಗೆದರು. ನೀಲಿ ಅಂಟಿದ ಕಡೆ ಲೋಹ ಲೋಹಕ್ಕೆ ತಾಗುತ್ತಿದೆ, ಅಂಟದ ಕಡೆ ಸಂದಿ ಇದೆ ಅಂತ ಅರ್ಥ. ನೈಲಾನ್‌ನಂಥದ್ದು ಕರಗಿದಾಗ ನೀರಿನಂತೆ ಹರಿಯುತ್ತದೆ, ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ಸಂದಿ ಸಿಕ್ಕರೂ ಹೊರಗೆ ಇಣುಕುತ್ತದೆ. ಅವರು ಸಂದಿ ಇದ್ದ ಕಡೆ ಕೈಯೇ ಹಾಕಲಿಲ್ಲ. ಎದುರು ಬದಿಯಲ್ಲಿ, ಮೋಲ್ಡ್ ಪೂರ್ತಿ ಮುಚ್ಚದಂತೆ ತಡೆಯುತ್ತಿದ್ದ ಎತ್ತರದ ಜಾಗವನ್ನು ಕಲ್ಲು ಹಿಡಿದು ಉಜ್ಜಿದರು. ಮತ್ತೆ ನೀಲಿ, ಮತ್ತೆ ಕಲ್ಲು. ಸಂಜೆಯವರೆಗೆ ಅದೇ ಕೆಲಸ. ಮರುದಿನ ಬೆಳಿಗ್ಗೆ ಪ್ಲಾಸ್ಟಿಕ್ ತುಂಬಿ ಹೊಡೆದ ಮೊದಲ ಶಾಟ್‌ಗಳಲ್ಲೇ ಫ್ಲ್ಯಾಶ್ ಹೋಗಿತ್ತು. ಮುಚ್ಚಿಹೋಗಿದ್ದ ವೆಂಟ್ ಬಿಡಿಸಿದ ಮೇಲೆ ಪಾರ್ಟೂ ತುಂಬಿತು.

"ಸಾರ್, ಇದನ್ನ ಯಾರಿಗೆ ಕಲಿಸಿದ್ದೀರಿ?" ಅಂತ ಕೇಳಿದೆ.

"ಯಾರಿಗಪ್ಪಾ ಕಲಿಸಲಿ? ಲೈನ್ ಹೋದ ವರ್ಷವೇ ಅಪ್ರೆಂಟಿಸ್‌ಗಳನ್ನ ತಗೊಳ್ಳೋದು ನಿಲ್ಲಿಸಿದ್ರಲ್ಲ."

ನನ್ನ ಸಿಟ್ಟೆಲ್ಲ ಇರುವುದು ಇಲ್ಲೇ. ಹೊರದೇಶಕ್ಕೆ ಹೋದದ್ದು ಬರೀ ಕೆಲಸ ಅಲ್ಲ, ಕಲಿಯುವ ಜಾಗವೂ ಅದರ ಜೊತೆ ಹೋಯಿತು. ಈಗ ಕೋಟಿಗಟ್ಟಲೆ ದುಡ್ಡು ಸುರಿಯುವವರು ಕಟ್ಟಡಕ್ಕೆ ಸುರಿಯುತ್ತಾರೆ, ಯಂತ್ರಕ್ಕೆ ಸುರಿಯುತ್ತಾರೆ, ಕಲಿಯುವ ಜಾಗಕ್ಕೆ ಮಾತ್ರ ಕೈ ಬಿಗಿ ಹಿಡಿಯುತ್ತಾರೆ.

ಇದು ನನ್ನೊಬ್ಬನ ಗೋಳಲ್ಲ. ಆಪಲ್ ಕಂಪನಿಯ ಟಿಮ್ ಕುಕ್ 2017ರಲ್ಲೇ ಹೇಳಿದ್ದರು, ಅಮೆರಿಕದಲ್ಲಿ ಟೂಲಿಂಗ್ (ಅಚ್ಚು, ಉಪಕರಣ ರೂಪಿಸುವ) ಎಂಜಿನಿಯರುಗಳ ಸಭೆ ಕರೆದರೆ ಒಂದು ಕೋಣೆ ತುಂಬುವುದೂ ಅನುಮಾನ, ಚೀನಾದಲ್ಲಾದರೆ ಹಲವು ಫುಟ್‌ಬಾಲ್ ಮೈದಾನಗಳೇ ತುಂಬುತ್ತವೆ ಅಂತ. ಅವರ ಅನುಭವದ ಮಾತು ಅದು. 2013ರಲ್ಲಿ ಮ್ಯಾಕ್ ಪ್ರೊ ಕಂಪ್ಯೂಟರನ್ನು ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಜೋಡಿಸಲು ಹೊರಟಾಗ ಸ್ಕ್ರೂ ಸಿಗಲಿಲ್ಲ. ಅವರು ನಂಬಿಕೊಂಡಿದ್ದ ವರ್ಕ್‌ಶಾಪಿಗೆ ದಿನಕ್ಕೆ ಹೆಚ್ಚೆಂದರೆ 1,000 ಸ್ಕ್ರೂ ಮಾಡಲು ಸಾಧ್ಯವಿತ್ತು. ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲಿ ಒಂದು, ಒಂದು ಸ್ಕ್ರೂಗಾಗಿ ಕಾದು ಕೂತಿತು. ದುಡ್ಡಿನ ಕೊರತೆಯಿಂದ ಅಲ್ಲ. ಆ ಸ್ಕ್ರೂ ಮಾಡುವ ಸಣ್ಣ ಸಣ್ಣ ವರ್ಕ್‌ಶಾಪ್‌ಗಳು ದೊಡ್ಡ ಕಾರ್ಖಾನೆಗಳು ಹೊರದೇಶಕ್ಕೆ ಹೋದಾಗಲೇ ಮುಚ್ಚಿದ್ದವು ಅಥವಾ ಬೇರೆ ಕೆಲಸ ಹಿಡಿದಿದ್ದವು.

ಕೆಲವರು ಹೇಳುತ್ತಾರೆ, "ಈಗ ರೋಬೋ ಇದೆ, ಮನುಷ್ಯನ ಕೈ ಯಾಕೆ ಬೇಕು?" ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅಡಿಡಾಸ್ ಕಂಪನಿ ಜರ್ಮನಿಯ ಆನ್ಸ್‌ಬಾಖ್‌ನಲ್ಲಿ, ಆಮೇಲೆ ಅಮೆರಿಕದ ಅಟ್ಲಾಂಟಾ ಹತ್ತಿರ ರೋಬೋಗಳಿಂದ ಶೂ ಮಾಡುವ ಕಾರ್ಖಾನೆ ತೆರೆಯಿತು. ಶೂ ಉದ್ಯಮ ಏಷ್ಯಾದಿಂದ ವಾಪಸ್ ಬಂತು ಅಂತ ಎಲ್ಲ ಕಡೆ ಸುದ್ದಿಯೋ ಸುದ್ದಿ. 2019ರ ನವೆಂಬರಿನಲ್ಲಿ ಎರಡನ್ನೂ ಮುಚ್ಚುವುದಾಗಿ ಘೋಷಿಸಿದರು. ಅಲ್ಲಿ ಕಲಿತ ತಂತ್ರವನ್ನು ಏಷ್ಯಾದ ಸಪ್ಲೈಯರ್‌ಗಳ ಹತ್ತಿರವೇ ಬಳಸುತ್ತೇವೆ ಅಂದರು. ಅಂದರೆ ರೋಬೋ ಕೂಡ ಕೆಲಸ ಬಲ್ಲವರು ಇರುವ ಕಡೆಗೇ ಹೋಯಿತು. ರೋಬೋಗೆ ವಸ್ತು ಹಿಡಿಯುವ ಗ್ರಿಪ್ಪರ್ ಮಾಡುವವರು ಬೇಡವೇ? ಪಾರ್ಟನ್ನು ಅಲುಗಾಡದಂತೆ ಹಿಡಿದಿಡುವ ಫಿಕ್ಸ್ಚರ್ ಸರಿಯಾಗಿ ಕೂರಿಸುವವರು ಬೇಡವೇ? ಆಟೊಮೇಶನ್ ಜಾಸ್ತಿ ಆದಷ್ಟೂ ಟೂಲ್ ರೂಮಿನ ಕೆಲಸ ಜಾಸ್ತಿ ಆಗುತ್ತದೆ. ಆಪರೇಟರ್ ತನ್ನ ಕೈಯಲ್ಲಿ ಸರಿಮಾಡಿಕೊಳ್ಳುತ್ತಿದ್ದ ಸಣ್ಣ ವ್ಯತ್ಯಾಸವನ್ನು ರೋಬೋ ಸರಿಮಾಡಿಕೊಳ್ಳುವುದಿಲ್ಲ.

ಸುಂಕದ ವಿಚಾರಕ್ಕೆ ಬರೋಣ, ನಿನ್ನೆ ಅದೇ ಭಜನೆ ಆಗಿತ್ತಲ್ಲ. 2018ರಲ್ಲಿ ಅಮೆರಿಕ ವಾಷಿಂಗ್ ಮೆಷಿನ್ ಮೇಲೆ ಸುಂಕ ಹಾಕಿತು. ಕಾರ್ಖಾನೆಗಳು ಬಂದದ್ದು ನಿಜ, ಸುಮಾರು 1,800 ಕೆಲಸ ಹುಟ್ಟಿದ್ದೂ ನಿಜ. ಆದರೆ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಮತ್ತು ಶಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ ಒಂದೊಂದು ಕೆಲಸಕ್ಕೆ ಗ್ರಾಹಕರು ಸುಮಾರು 8 ಲಕ್ಷದ 15 ಸಾವಿರ ಡಾಲರ್ ತೆತ್ತಂತಾಗಿತ್ತು. ಬಟ್ಟೆ ಒಣಗಿಸುವ ಡ್ರೈಯರ್ ಮೇಲೆ ಸುಂಕವೇ ಇರಲಿಲ್ಲ, ಆದರೂ ಅದರ ಬೆಲೆ ಏರಿತು. ಎರಡನ್ನೂ ಜೋಡಿಯಾಗಿ ಮಾರುತ್ತಾರೆ ನೋಡಿ. ಆ ದುಡ್ಡಿನಲ್ಲಿ ಎಷ್ಟು ಹುಡುಗರಿಗೆ ಕಸುಬು ಕಲಿಸಬಹುದಿತ್ತು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ವಾಪಸ್ ತರುವುದೇ ಬೇಡ ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಹಾಗೆ ಓದಬೇಡಿ. ತರಲೇಬೇಕಾದ ವಸ್ತುಗಳಿವೆ. ಯುರೋಪಿನಲ್ಲಿ ಪ್ಯಾರಸಿಟಮಾಲ್ ಮಾತ್ರೆಯ ಮೂಲ ಔಷಧ ತಯಾರಿಸುತ್ತಿದ್ದ ಕೊನೆಯ ಕಾರ್ಖಾನೆ ಫ್ರಾನ್ಸಿನ ರೂಸಿಯೋನ್‌ನಲ್ಲಿತ್ತು, 2008ರಲ್ಲಿ ಮುಚ್ಚಿತು. ಜ್ವರದ ಮಾತ್ರೆ, ಎಲ್ಲಿಂದಲಾದರೂ ಬರುತ್ತದೆ ಬಿಡು ಅಂದುಕೊಂಡರು. 2020ರಲ್ಲಿ ಕೋವಿಡ್ ಬಂದಾಗ ಇಡೀ ಖಂಡ ಕಂಗಾಲಾಯಿತು. ಆ ಜೂನಿನಲ್ಲಿ ಅಧ್ಯಕ್ಷ ಮ್ಯಾಕ್ರಾನ್ ಪ್ಯಾರಸಿಟಮಾಲ್ ಉತ್ಪಾದನೆಯನ್ನು 3 ವರ್ಷದಲ್ಲಿ ವಾಪಸ್ ತರುತ್ತೇವೆ ಅಂದರು. ಅದೇ ರೂಸಿಯೋನ್‌ನಲ್ಲಿ ಹೊಸ ಕಾರ್ಖಾನೆ ಕಟ್ಟಲು ಶುರು ಮಾಡಿದರು. 3 ವರ್ಷ ಸಾಕಾಗಲಿಲ್ಲ. ಮುಚ್ಚುವುದಕ್ಕೆ ಒಂದು ಸಹಿ ಸಾಕು, ತೆರೆಯುವುದಕ್ಕೆ ಸಾಲದು.

ಕೆಲಸ ಬಲ್ಲವರು ಇರುವ ಕಡೆ ಹೇಗಾಗುತ್ತದೆ ಅಂತಲೂ ಹೇಳಬೇಕು. ತೈವಾನಿನ ಚಿಪ್ ಕಂಪನಿ ಟಿಎಸ್‌ಎಂಸಿ ಅಮೆರಿಕದ ಅರಿಜೋನಾದಲ್ಲಿ ಕಾರ್ಖಾನೆ ಮಾಡುವುದಾಗಿ 2020ರ ಮೇ ತಿಂಗಳಲ್ಲಿ ಹೇಳಿತು. 2023ರಲ್ಲಿ, ನುರಿತ ಕೆಲಸಗಾರರು ಸಾಲುತ್ತಿಲ್ಲ, ಉತ್ಪಾದನೆ ತಡವಾಗುತ್ತದೆ ಅಂತ ಅದರ ಅಧ್ಯಕ್ಷರೇ ಹೇಳಬೇಕಾಯಿತು. ತೈವಾನಿನಿಂದ ಜನರನ್ನು ಕರೆಸಿದರು. ಅದೇ ಕಂಪನಿ ಜಪಾನಿನ ಕುಮಾಮೊಟೊದಲ್ಲಿ ಕಾರ್ಖಾನೆ ಮಾಡುತ್ತೇನೆ ಅಂದದ್ದು 2021ರಲ್ಲಿ, ಅಂದರೆ ಒಂದು ವರ್ಷಕ್ಕೂ ಜಾಸ್ತಿ ತಡವಾಗಿ. 2024ರ ಫೆಬ್ರವರಿಯಲ್ಲಿ ಉದ್ಘಾಟನೆಯೇ ಆಗಿಹೋಯಿತು. ಅಲ್ಲಿನ ಚಿಪ್ ಸ್ವಲ್ಪ ಹಳೆಯ ತಂತ್ರದ್ದು, ಒಪ್ಪುತ್ತೇನೆ. ಆದರೆ ಪಕ್ಕದಲ್ಲೇ ಸೋನಿಯ ಸೆನ್ಸರ್ ಕಾರ್ಖಾನೆ ಇತ್ತು. ಆ ಕ್ಯೂಷು ದ್ವೀಪದಲ್ಲಿ ದಶಕಗಳಿಂದ ಚಿಪ್ ಕೆಲಸ ನಡೆದಿತ್ತು. ಬಿಡಿಭಾಗ, ರಾಸಾಯನಿಕ, ರಿಪೇರಿ ಎಲ್ಲ ಮಾಡುವವರು ಅಲ್ಲೇ ಇದ್ದರು. ಜಪಾನ್ ಸರ್ಕಾರವೂ ದೊಡ್ಡ ಮೊತ್ತ ಕೊಟ್ಟಿತು, ಅಮೆರಿಕ ಸರ್ಕಾರವೂ ಕೊಟ್ಟಿತು. ವ್ಯತ್ಯಾಸ ದುಡ್ಡಿನಲ್ಲಿರಲಿಲ್ಲ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಇನ್ನೊಂದಿದೆ. ಅಮೆರಿಕದ ಜಿಇ (ಜನರಲ್ ಎಲೆಕ್ಟ್ರಿಕ್) ಕಂಪನಿ 2012ರಲ್ಲಿ ಒಂದು ವಾಟರ್ ಹೀಟರಿನ ಉತ್ಪಾದನೆಯನ್ನು ಚೀನಾದಿಂದ ಅಮೆರಿಕದ ಲೂಯಿವಿಲ್‌ಗೆ ತಂದಿತು. ಡಿಸೈನ್ ಮಾಡಿದವರು, ವೆಲ್ಡ್ ಮಾಡುವವರು, ಜೋಡಿಸುವವರು ಎಲ್ಲ ಒಂದೇ ಕೋಣೆಯಲ್ಲಿ ಕೂತು ಬಿಚ್ಚಿ ನೋಡಿದರು. ಒಳಗೆ ತಾಮ್ರದ ಕೊಳವೆಗಳು ಸಿಕ್ಕುಸಿಕ್ಕಾಗಿದ್ದವು, ವೆಲ್ಡ್ ಮಾಡಲು ಕೈ ಹೋಗುತ್ತಿರಲಿಲ್ಲ. ಹೊರದೇಶದಲ್ಲಿ ಮಾಡಿಸುತ್ತಿದ್ದಷ್ಟು ದಿನ ಡಿಸೈನ್ ಮಾಡಿದವರಿಗೆ ಆ ಕಷ್ಟ ಕಂಡೇ ಇರಲಿಲ್ಲ. ಹೊಸದಾಗಿ ಡಿಸೈನ್ ಮಾಡಿದರು. ಜೋಡಿಸಲು 10 ಗಂಟೆ ಹಿಡಿಯುತ್ತಿದ್ದದ್ದು 2 ಗಂಟೆಗೆ ಇಳಿಯಿತು. ಅಂಗಡಿಯಲ್ಲಿ ಅದರ ಬೆಲೆ 1,599 ಡಾಲರ್‌ನಿಂದ 1,299ಕ್ಕೆ ಬಂತು. ಕೂಲಿ ಜಾಸ್ತಿ ಇರುವ ದೇಶದಲ್ಲಿ ಮಾಡಿದರೂ ಬೆಲೆ ಕಡಿಮೆ! ಕೆಲವು ವರ್ಷಗಳ ನಂತರ ಆ ಮಾಡೆಲ್ ನಿಂತುಹೋಯಿತು, ಸರಿ. ಆದರೆ ವೆಲ್ಡರ್ ಮತ್ತು ಎಂಜಿನಿಯರ್ ಒಂದೇ ಮೇಜಿನ ಮುಂದೆ ಕೂತರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ. ಬೆಲೆ ಏರುತ್ತದೆ ಅಂತ ಹೆದರಿಸುವವರು ಇದನ್ನೊಮ್ಮೆ ನೋಡಬೇಕು.

ಮತ್ತೆ ನನ್ನ ರಾಗಕ್ಕೇ ಬರುತ್ತೇನೆ, ಬೇಜಾರಾದರೆ ಕ್ಷಮಿಸಿ. ಆ ಮೇಜಿನ ಮುಂದೆ ಕೂರಲು ವೆಲ್ಡರ್ ಇರಬೇಕಲ್ಲ? ಜರ್ಮನಿಯಲ್ಲಿ ಟೂಲ್ ಮೇಕರ್ ಆಗಲು ಮೂರೂವರೆ ವರ್ಷದ ತರಬೇತಿ ಇದೆ. ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಕಾರ್ಖಾನೆಯಲ್ಲಿ ಹಿರಿಯರ ಪಕ್ಕ ನಿಂತು ಕೆಲಸ. ಆ ಅವಧಿಯಲ್ಲಿ ಕಂಪನಿಯೇ ಸಂಬಳ ಕೊಡುತ್ತದೆ. ಮೂರೂವರೆ ವರ್ಷ ಮುಗಿದ ಮೇಲೂ ಅವನು ಶುರುವಿನ ಹಂತದವನೇ. ಒಂದು ಮೋಲ್ಡ್ ಕೊಟ್ಟು ನೀನೇ ನೋಡಿಕೋ ಅಂತ ಬಿಡಲು ಇನ್ನೂ ಕೆಲವು ವರ್ಷ ಬೇಕು. ಇದನ್ನು ಉದ್ಘಾಟನೆಯ ದಿನಾಂಕಕ್ಕೆ ಹೊಂದಿಸಲು ಆಗುವುದಿಲ್ಲ. ಅದಕ್ಕೇ ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ ಅನ್ನುವುದು ನನ್ನ ಗಟ್ಟಿ ಅನುಮಾನ.

ಹೀಗಾಗಿ ನನ್ನ ಬೇಡಿಕೆ ಇಷ್ಟು. ಯಾವ ದೇಶವೇ ಆಗಲಿ, ವಾಪಸ್ ಬರುವ ಕಾರ್ಖಾನೆಗೆ ಸರ್ಕಾರದ ದುಡ್ಡು ಕೊಡುವಾಗ ಷರತ್ತು ಹಾಕಲಿ. ಕಟ್ಟಡಕ್ಕೆ ಮಣ್ಣು ಅಗೆಯುವ ದಿನವೇ ಅಪ್ರೆಂಟಿಸ್‌ಗಳು ಸೇರಬೇಕು, ಯಂತ್ರ ಬಂದ ಮೇಲೆ ಅಲ್ಲ. ಸಬ್ಸಿಡಿಯಲ್ಲಿ ಒಂದು ಪಾಲು ಸುತ್ತಮುತ್ತಲಿನ ಸಣ್ಣ ವರ್ಕ್‌ಶಾಪ್‌ಗಳಿಗೆ, ಸ್ಕ್ರೂ ಮಾಡುವವರಿಗೆ, ಲೋಹ ಕಾಯಿಸಿ ಗಟ್ಟಿಗೊಳಿಸುವ ಹೀಟ್ ಟ್ರೀಟ್‌ಮೆಂಟ್ ಮಾಡುವವರಿಗೆ ಹೋಗಬೇಕು. ನಿವೃತ್ತರಾದ ಫಿಟ್ಟರ್‌ಗಳನ್ನು ಹುಡುಕಿ, ಒಬ್ಬೊಬ್ಬರ ಪಕ್ಕ ಇಬ್ಬಿಬ್ಬರು ಹುಡುಗರನ್ನು ನಿಲ್ಲಿಸಿ, ಮೂವರಿಗೂ ಸಂಬಳ ಕೊಡಿ. ಹುಡುಗಿಯರನ್ನೂ ತಗೊಳ್ಳಿ, ಮೈಕ್ರಾನ್ ಲೆಕ್ಕದ ಕೆಲಸಕ್ಕೆ ತೋಳ್ಬಲ ಬೇಡ, ತಾಳ್ಮೆ ಬೇಕು. ಮತ್ತು ಇದನ್ನು ಈ ವರ್ಷವೇ ಶುರು ಮಾಡಿ, ಯಾಕೆಂದರೆ ಆ ಹಿರಿಯರಿಗೆ ಈಗಾಗಲೇ ಎಪ್ಪತ್ತು ದಾಟಿದೆ.