ಎರಡು ಬಾಣದ ಗುರುತು

2018ರ ಬೇಸಿಗೆಯಲ್ಲಿ ಚಿಕ್ಕಮ್ಮ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ವಿಡಿಯೋ ಹಾಕಿದ್ದರು. ಗಲ್ಲಿಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೊರಟೇಬಿಡುತ್ತಾರೆ. ಜೊತೆಗೆ, ‘ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರು.’ ಸುಳ್ಳು ಯಾಕೆ ಹೇಳಲಿ, ನಾನೂ ಅದನ್ನು ಆಫೀಸಿನ ಗ್ರೂಪಿಗೆ ತಳ್ಳಿದೆ.

ಅದು ಕರಾಚಿಯಲ್ಲಿ ತೆಗೆದ ಜಾಗೃತಿ ವಿಡಿಯೋ ಅಂತೆ. ಪೂರ್ತಿ ನೋಡಿದರೆ ಬೈಕಿನವರು ವಾಪಸ್ ಬಂದು ಮಗುವನ್ನು ಇಳಿಸುತ್ತಾರೆ, ಮಕ್ಕಳ ಮೇಲೆ ನಿಗಾ ಇಡಿ ಅನ್ನುವ ಬೋರ್ಡ್ ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು. ಅದೇ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ, ಕೆಲಸಕ್ಕೆಂದು ರಾಜಸ್ಥಾನದಿಂದ ಬಂದಿದ್ದ ಹುಡುಗನನ್ನು ಜನ ಕಟ್ಟಿಹಾಕಿ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ತಪ್ಪಾಗಿ, ಹೈದರಾಬಾದಿನ ಎಂಜಿನಿಯರ್ ಒಬ್ಬ ಹೆಣವಾದ.

ಕೇಂದ್ರ ಸರ್ಕಾರ ಗದರಿದ ಮೇಲೆ ವಾಟ್ಸಾಪ್ ನಮ್ಮ ದೇಶದಲ್ಲಿ ಫಾರ್ವರ್ಡನ್ನು ಒಂದು ಸಲಕ್ಕೆ 5 ಚಾಟ್‌ಗೆ ಇಳಿಸಿತು.

ಈ ಐದರ ಲೆಕ್ಕ ನಮಗೆ ಹೊಸದೇನಲ್ಲ. 2012ರ ಆಗಸ್ಟ್ ನೆನಪಿದೆಯಾ? ಈಶಾನ್ಯದವರ ಮೇಲೆ ಹಲ್ಲೆ ಆಗುತ್ತೆ ಅಂತ ಎಸ್ಸೆಮ್ಮೆಸ್ ಹರಿದಾಡಿ, ಸಾವಿರಾರು ಜನ ಬೆಂಗಳೂರು ಬಿಟ್ಟು ಹೊರಟರು. ಗುವಾಹಟಿಗೆ ಸ್ಪೆಷಲ್ ರೈಲು ಬಿಡಬೇಕಾಯಿತು. ನಮ್ಮ ರಸ್ತೆಯ ಮೋಮೋ ಗಾಡಿಗೆ ನೀಲಿ ಟಾರ್ಪಾಲು ಕಟ್ಟಿತ್ತು, ಹಬೆ ಪಾತ್ರೆ ಮೇಲೆ ಮಗುಚಿಟ್ಟಿತ್ತು. ಆಗ ಸರ್ಕಾರ 15 ದಿನ, ದಿನಕ್ಕೆ 5 ಎಸ್ಸೆಮ್ಮೆಸ್ ಅಂತ ಮಿತಿ ಹಾಕಿತು. ನಾವೆಲ್ಲ ಗೊಣಗಿದ್ದೆವು.

ಯಾವುದು ನಿಜ, ಯಾವುದು ಸುಳ್ಳು ಅಂತ ಸರ್ಕಾರವೇ ತೀರ್ಪು ಕೊಡುವುದು ನನಗೆ ಬೇಡ. ತನ್ನ ಬಗ್ಗೆ ಬರುವ ಸುದ್ದಿಗೆ ಕೇಂದ್ರ ತಾನೇ ಫ್ಯಾಕ್ಟ್ ಚೆಕ್ ಘಟಕ ಮಾಡಲು ಹೊರಟಿತ್ತು, 2024ರಲ್ಲಿ ಬಾಂಬೆ ಹೈಕೋರ್ಟ್ ಆ ನಿಯಮವನ್ನೇ ರದ್ದು ಮಾಡಿತು. ಒಳ್ಳೆಯದೇ ಆಯಿತು. ಗಲಾಟೆ ಅಂದಕೂಡಲೇ ಇಡೀ ಜಿಲ್ಲೆಯ ನೆಟ್ ಬಂದ್ ಮಾಡುವುದಂತೂ ಬರೀ ಸೋಮಾರಿತನ. ಐದರ ಮಿತಿ ಹಾಗಲ್ಲ. ನೀವು ಏನು ಬೇಕಾದರೂ ಹೇಳಿ, ಅದು ತಡೆಯುವುದಿಲ್ಲ. ಊರಿಗೆಲ್ಲ ಒಂದೇ ಏಟಿಗೆ ಎರಚುವ ಕೈಯನ್ನು ಸ್ವಲ್ಪ ಹಿಡಿಯುತ್ತೆ, ಅಷ್ಟೇ.

2020ರ ಏಪ್ರಿಲ್‌ನಿಂದ, ಕೈಯಿಂದ ಕೈಗೆ ಸುಮಾರು ಸಲ ದಾಟಿ ಎರಡು ಬಾಣದ ಗುರುತು ಬಿದ್ದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಆಮೇಲೆ ಅಂಥವು ಶೇ 70ರಷ್ಟು ಇಳಿದವು ಅಂತ ಕಂಪನಿ ಹೇಳಿಕೊಂಡಿತು.

ಮೊನ್ನೆ ಕೇಳಿದೆ, ‘ಚಿಕ್ಕಮ್ಮ, ಈ ಎರಡು ಬಾಣ ಯಾಕಿದೆ ಗೊತ್ತಾ?’

‘ತುಂಬಾ ಮುಖ್ಯವಾದ್ದು ಅಂತ ಅಲ್ವೇನೋ?’ ಅಂದರು.